ಜಗಲಿ ಮೇಲಿನ ಅಂಗನವಾಡಿ

ಪುನರ್ವಸು ಮಳೆ ಹಿಡಿದು ಒಂಬತ್ತು ದಿನವಾಗಿತ್ತು. ಸೋಮವಾರ, ಬೆಳಗಿನ ಒಂಬತ್ತೂವರೆ. ಅಂಗನವಾಡಿಯ ಆಯಾ ಪುಟ್ಟಸಿದ್ದಮ್ಮ ಸೀರೆ ಎತ್ತಿಕಟ್ಟಿ, ಬಾಗಿಲ ಮುಂದಿನ ಗುಂಡಿಗೆ ಅಡ್ಡ ಹಾಕಿದ್ದ ಹಲಗೆಯ ಮೇಲೆ ಮಕ್ಕಳನ್ನು ಒಂದೊಂದಾಗಿ ಕಂಕುಳಲ್ಲಿಟ್ಟುಕೊಂಡು ದಾಟಿಸುತ್ತಿದ್ದಳು. ಏಳನೆಯ ಮಗು ದಾಟುವಾಗ ಎದುರು ಜಗಲಿಯಿಂದ ಬಸವರಾಜುಗೌಡರ ದನಿ ಬಂತು.

“ಲೇ ಸಿದ್ದಿ, ಮೆಲ್ಲಗೆ ಕಣೇ ಮುಂಡೆ. ನೀನ್ ಬಿದ್ರೆ ಗುಂಡಿ ತುಂಬೋಯ್ತದೆ. ಆಮ್ಯಾಕೆ ನಂಗೆ ಮುಚ್ಸೋ ಕೆಲ್ಸನೇ ಇಲ್ಲ.”

ಜಗಲಿಯಲ್ಲಿ ಕೂತಿದ್ದ ನಾಲ್ಕು ಜನ ನಕ್ಕರು. ಪುಟ್ಟಸಿದ್ದಮ್ಮನೂ ನಕ್ಕಳು. ದೊಡ್ಡವರು ನಕ್ಕಾಗ ನಗುವುದನ್ನು ಕೇರಿಯಲ್ಲಿ ಹುಟ್ಟಿದವರಿಗೆ ಯಾರೂ ಕಲಿಸಬೇಕಿಲ್ಲ.

“ಅದ್ಕೇ ಬೀಳ್ತಾ ಇಲ್ಲ ಬುದ್ದಿ. ನಿಮ್ ಕೆಲ್ಸ ನಾನ್ಯಾಕೆ ಕಿತ್ಕಬೇಕು.”

ಗುಂಡಿ ಗೌಡರದೇ. ಯುಗಾದಿ ಕಳೆದ ಮೇಲೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆ ಮೆತ್ತಲು ಅವರಿಗೆ ಕೆಮ್ಮಣ್ಣು ಬೇಕಾಯಿತು. ತಮ್ಮ ಹೊಲ ಯಾಕೆ ಕೆಡಿಸಬೇಕೆಂದು ಅಂಗನವಾಡಿ ಮುಂದೆ ತೋಡಿಸಿದರು. ತೋಡಿದವರು ಕೇರಿಯ ಆಳುಗಳು, ಅಂದರೆ ಒಳಗೆ ಕೂರುವ ಮಕ್ಕಳ ಅಪ್ಪಂದಿರೇ. ನಾಲ್ಕಡಿ ಆಳ. ಮಳೆ ಬಂದು ಕಟ್ಟೆಯಾಯಿತು. ಹೋದ ವಾರ ನಾಲ್ಕು ವರ್ಷದ ಪುಟ್ಟಿ ಅದರಲ್ಲಿ ಚಪ್ಪಲಿ ತೇಲಿಬಿಡಲು ಹೋಗಿ ಮುಳುಗಿದಳು. ಪುಟ್ಟಸಿದ್ದಮ್ಮ ಜುಟ್ಟು ಹಿಡಿದು ಎಳೆದುಕೊಂಡಳು. ನೀರು ಕಕ್ಕಿದ ಮೇಲೆ ಹುಡುಗಿ ಕೇಳಿದ ಮೊದಲ ಮಾತು, “ನನ್ ಚಪ್ಲಿ ಎಲ್ಲಿ?”

ಗೌಡರ ಮೊಮ್ಮಗಳು ಅನುವಿನ ಹೆಸರೂ ಹಾಜರಿ ಪುಸ್ತಕದಲ್ಲಿತ್ತು. ಆದರೆ ಪುಟ್ಟಸಿದ್ದಮ್ಮ ಮಾಡಿದ ಅನ್ನ ಸಾರು ಆ ಮನೆಯವರಿಗೆ ಆಗದು. ಮೊಟ್ಟೆ ಮಾತ್ರ ತಪ್ಪದೆ ಹೋಗುತ್ತಿತ್ತು. “ಮೊಟ್ಟೆಗೆ ಸಿಪ್ಪೆ ಅದಲ್ಲ ಮಿಸ್ಸು, ನಮ್ ಕೈ ಒಳೀಕೆ ಇಳ್ಯಾಕಿಲ್ಲ” ಎಂದು ಅವಳು ಟೀಚರ್ ಪವಿತ್ರಾಗೆ ಹೇಳುತ್ತಿದ್ದಳು. ಕೆ.ಆರ್. ನಗರದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದಿದ್ದ ಪವಿತ್ರಾ, ನಗು ಬಂದರೂ ಮೊದಲು ಎದುರು ಜಗಲಿಯತ್ತ ನೋಡಿ ಆಮೇಲೆ ನಗುವವಳು.

ಹಿಂದಿನ ತಿಂಗಳು ಮಕ್ಕಳ ಸುರಕ್ಷತೆಯ ತರಬೇತಿ ಎಂದು ಇಬ್ಬರನ್ನೂ ಹುಣಸೂರಿಗೆ ಕರೆಸಿದ್ದರು. ಉಪ್ಪಿಟ್ಟು, ಒಂದು ಬ್ಯಾಗು, ಒಂದು ಪೀಪಿ ಕೊಟ್ಟರು. ಊದಿದ ಕೂಡಲೆ ಮಕ್ಕಳು ಮುಂದಿನವರ ಅಂಗಿ ಹಿಡಿದು ರೈಲಿನ ಹಾಗೆ ಸಾಗಬೇಕು. ಎಲ್ಲಿಗೆ ಎಂಬುದಕ್ಕೆ ನಕ್ಷೆ ಬರೆಯಬೇಕು: ಅಪಾಯದ ಜಾಗಕ್ಕೆ ಕೆಂಪು, ಹತ್ತಿರದ ಭದ್ರ ಜಾಗಕ್ಕೆ ಹಸಿರು. ಊರಿಗೆ ಮರಳಿದ ಮೇಲೆ ಪವಿತ್ರಾ ಗುಂಡಿಗೆ ಕೆಂಪು ತಿದ್ದಿ, ಹಸಿರು ಪೆನ್ಸಿಲ್ ಎತ್ತಿಕೊಂಡಳು.

“ಹತ್ರದ್ದು ಯಾವ್ದು ಸಿದ್ದಮ್ಮ?”

“ಕಣ್ಣಿಗೆ ಕಾಣೋದ ಬರೀರಿ ಮಿಸ್ಸು. ಮೂವತ್ತೆಜ್ಜೆ. ಮ್ಯಾಲೆ ಎಂಚು, ಕೆಳಗೆ ಕಲ್ಲಾಸು. ಒಂದನಿ ಸೋರಾಕಿಲ್ಲ.”

“ಗೌಡ್ರ ಜಗಲಿನಾ?”

“ಸರಿ ಉತ್ರ ಬರ್ದ್ರೆ ಒಡೀತಾರಾ?”

ಪವಿತ್ರಾ ಬರೆದಳು. ಬಾಲವಿಕಾಸ ಸಮಿತಿ ಅಧ್ಯಕ್ಷೆಯ ಸಹಿ ಬೇಕಿತ್ತು. ಅಧ್ಯಕ್ಷೆ ಎಂದರೆ ಗೌಡರ ಹೆಂಡತಿ ಜಯಲಕ್ಷ್ಮಮ್ಮ. ಆಕೆಗೆ ಬರುವುದು ಹೆಬ್ಬೆಟ್ಟು ಒತ್ತಲು ಮಾತ್ರ. ಹಾಗಾಗಿ ಮೂರು ವರ್ಷದಿಂದ ಆಕೆಯ ಹೆಸರನ್ನು ಗೌಡರೇ ಬರೆದುಕೊಡುತ್ತಿದ್ದರು. ಅವತ್ತೂ ಕಾಗದವನ್ನು ಬೈಕಿನ ಸೀಟಿನ ಮೇಲಿಟ್ಟು, ಓದದೆ ಬರೆದರು. ಸೂಪರ್‌ವೈಸರ್ ಸುನಂದಮ್ಮ ಅದಕ್ಕೆ ಓದದೆ ಸೀಲು ಒತ್ತಿದರು.

ಈ ಸೋಮವಾರ ಹನ್ನೆರಡನೆಯ ಮಗುವಿಗೆ ಹಲಗೆ ಜಾರಿತು. ಪುಟ್ಟಸಿದ್ದಮ್ಮ ಎದೆಮಟ್ಟ ನೀರಿಗೆ ಬಿದ್ದಳು. ಮಗುವನ್ನು ಮಾತ್ರ ಎರಡೂ ಕೈಯಲ್ಲಿ ತಲೆ ಮೇಲೆ ಎತ್ತಿ ಹಿಡಿದಿದ್ದಳು. ಜಗಲಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಸಲ ಅವಳು ನಗಲಿಲ್ಲ. ಮಗುವನ್ನು ದಡದಲ್ಲಿದ್ದ ಪವಿತ್ರಾಳ ಕೈಗೆ ಕೊಟ್ಟಳು, ಹತ್ತಿ ಬಂದಳು, ಹಲಗೆ ಮತ್ತೆ ಹಾಕಿ ಒಳಗಿದ್ದ ಮಕ್ಕಳನ್ನೆಲ್ಲ ಈಚೆಗೆ ದಾಟಿಸಿದಳು, ಕೊರಳಲ್ಲಿದ್ದ ಪೀಪಿ ಊದಿದಳು.

“ಸಿದ್ದಮ್ಮ, ಬೇಡಿ. ಕೆಲ್ಸ ಹೋಗುತ್ತೆ” ಎಂದಳು ಪವಿತ್ರಾ.

“ಓದ್ರೆ ಇನ್ನೊಂದ್ ಸಿಕ್ತದೆ ಮಿಸ್ಸು. ಮಗೀನ್ ಜೀವ ಓದ್ರೆ?”

ಮಕ್ಕಳ ರೈಲು ಬೀದಿ ದಾಟಿ ಗೌಡರ ಜಗಲಿಯ ಕಲ್ಲುಮೆಟ್ಟಿಲು ಹತ್ತಿತು. ಆ ಕಲ್ಲುಗಳನ್ನು ಗಾಡಿಯಿಂದ ಇಳಿಸಿ ಹಾಸಿದವರಲ್ಲಿ ಪುಟ್ಟಸಿದ್ದಮ್ಮನ ಮಾವ ಅಂಕಯ್ಯನೂ ಒಬ್ಬ. ಹಾಸುವಾಗ ಅವುಗಳ ಮೇಲೆ ನಿಂತಿದ್ದ. ಹಾಸಿ ಮುಗಿದ ಮೇಲೆ ನಲವತ್ತು ವರ್ಷ ಕೆಳಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಸತ್ತ.

ಜಗಲಿಯವರು ದಡಬಡ ಎದ್ದರು.

“ಏಯ್, ಎಲ್ಲಿಗ್ಲಾ ಅತ್ತೀರಿ ಬಡ್ಡೆತ್ತವಾ? ಇಳೀರ್ಲಾ” ಎಂದರು ಗೌಡರು. “ಸಿದ್ದಿ, ತಲೆ ಕೆಟ್ಟದಾ?”

“ಕೆಟ್ಟಿಲ್ಲ ಬುದ್ದಿ, ಒದ್ದೆ ಆಗ್ಬುಟ್ಟದೆ.” ಅವಳು ಪವಿತ್ರಾಳ ಕೈಲಿದ್ದ ಹಾಜರಿ ಪುಸ್ತಕದಿಂದ ನಕ್ಷೆ ತೆಗೆದುಕೊಂಡು ಬಿಚ್ಚಿದಳು. “ಇಲ್ಲಿಗೇ ಕರ್ಕೋಗಿ ಅಂತ ಅಸ್ರು ಬಳ್ದದೆ. ಸೀಲ್ ಅದೆ. ಅಮ್ಮಾವ್ರು ಸೈನೂ ಆಕವ್ರೆ.”

“ಯಾವ ಅಮ್ಮಾವ್ರು?”

“ನಿಮ್ಮ ಅಮ್ಮಾವ್ರೇಯ. ಎಷ್ಟ್ ದುಂಡಗೆ ಬರ್ದವ್ರೆ ನೋಡಿ.”

ಬಾಗಿಲಲ್ಲಿ ನಿಂತಿದ್ದ ಜಯಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡರು. “ನಾನ್ಯಾವಾಗ ಬರ್ಯಾದ್ ಕಲ್ತೆ? ಅದು ನಿಮ್ಮಕ್ಸರ ಕಣ್ರೀ.”

ಗೌಡರು ಹೆಂಡತಿಯನ್ನು ನೋಡಿದರು, ಕಾಗದ ನೋಡಿದರು. ತಾವು ಬರೆದದ್ದಲ್ಲ ಎನ್ನುವ ಹಾಗಿರಲಿಲ್ಲ. ತಾವೇ ಬರೆದದ್ದು ಎನ್ನುವ ಹಾಗೂ ಇರಲಿಲ್ಲ. ಅಷ್ಟರಲ್ಲಿ ಅನು ಒಳಗಿಂದ ಓಡಿ ಬಂದು ಪುಟ್ಟಿಯ ಪಕ್ಕ ಕೂತಳು.

“ಇದು ನಮ್ಮನೆ.”

“ಗೊತ್ತು” ಎಂದಳು ಪುಟ್ಟಿ. “ಜರುಗು.”

ಗುಂಡಿ ಮುಚ್ಚಲು ಎರಡು ಟ್ರ್ಯಾಕ್ಟರ್ ಮಣ್ಣು ಸಾಕಿತ್ತು. ಮಂಗಳವಾರ ಬೆಳಗ್ಗೆ ಜಯಲಕ್ಷ್ಮಮ್ಮನೇ ಹಾಗೆಂದರು. ಗೌಡರು ಲೋಟ ಕುಕ್ಕಿದರು. “ಒಲಗೇರಿ ಎಂಗ್ಸು ಏಳುದ್ಲು ಅಂತ ನಾನ್ ಮಣ್ ಆಕುಸ್ಲಾ? ಊರೋರು ನನ್ ಮಕಕ್ಕೆ ಉಗಿಯಾಕಿಲ್ವಾ?” ಹೊರಗೆ ಜಗಲಿಯಲ್ಲಿ ಮಕ್ಕಳು ಆನೆ ಬಂತೊಂದಾನೆ ಹೇಳುತ್ತಿದ್ದವು. ಗೌಡರು ಬೈಕನ್ನು ಹಿತ್ತಿಲ ಸಗಣಿಯಲ್ಲಿ ತಳ್ಳಿಕೊಂಡು ಹಿಂದಿನಿಂದ ಹೊರಟರು.

ಬುಧವಾರ ಸುನಂದಮ್ಮ ಬಂದರು. ಗುಂಡಿಯ ಪಕ್ಕದಲ್ಲೇ ಸ್ಕೂಟರ್ ನಿಲ್ಲಿಸಿ ಜಗಲಿಯನ್ನು ನೋಡಿದರು.

“ಏನ್ರೀ ಸಿದ್ದಮ್ಮ ಇದೆಲ್ಲ? ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಪ್ಪ. ಒಳಗೇ ಹುಷಾರಾಗಿ ಕೂರ್ಸಿ.”

“ಆಗ್ಲಿ ಮೇಡಮ್ಮೋರೆ. ‘ಗುಂಡಿ ಪರ್ವಾಗಿಲ್ಲ, ಮಕ್ಳು ಅಲ್ಲೇ ಇರ್ಲಿ’ ಅಂತ ಬರ್ದು ಸೀಲ್ ಒತ್ಬುಡಿ. ಈಗ್ಲೇ ಎಬ್ಬುಸ್ಕೊಂಡ್ ಓಯ್ತೀನಿ.”

ಸುನಂದಮ್ಮ ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು. ಕೂರಲು ಜಾಗವಿಲ್ಲದೆ ಗೌಡರ ಮನೆ ಕಾಫಿಯನ್ನು ಮೆಟ್ಟಿಲ ಮೇಲೆ ನಿಂತು ಕುಡಿದು ಹೋದರು.

ಗುರುವಾರ ಸಂಜೆ ಇಲಾಖೆಯಿಂದ ಕಾಗದ ಬಂತು. ಸಮಿತಿಯವರೊಡನೆ ಅನುಚಿತವಾಗಿ ನಡೆದುಕೊಂಡ ದೂರಿನ ಮೇಲೆ ಸಹಾಯಕಿ ಪುಟ್ಟಸಿದ್ದಮ್ಮ ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಕೂಡದು. ಪವಿತ್ರಾ ಓದಿ ಹೇಳಿದಳು. ಪುಟ್ಟಸಿದ್ದಮ್ಮ ಇನ್ನೊಂದು ಸಲ ಓದಿಸಿ ಕೇಳಿಸಿಕೊಂಡಳು.

ಮಾರನೆಯ ಬೆಳಗ್ಗೆ ಎಂದಿನಂತೆ ಬಂದು, ಕೇರಿಯ ಮಕ್ಕಳನ್ನು ಜಗಲಿ ಹತ್ತಿಸಿ, ಸುರಿಯುತ್ತಿದ್ದ ಮೂಗುಗಳನ್ನು ಒರೆಸಿ, ಉಗ್ರಾಣದ ಬೀಗದ ಕೈಯನ್ನು ಪವಿತ್ರಾಗೆ ಕೊಟ್ಟಳು. ಗೌಡರು ಬಾಗಿಲಿಗೆ ಬಂದು ನಿಂತರು.

“ಊಂ. ಇಳಿ ಸಿದ್ದಿ. ಅವ್ಕೂ ಇಳ್ಸು.”

“ನಂದೊಂದೇ ಎಸ್ರು ಅದೆ ಬುದ್ದಿ ಕಾಗ್ದದಲ್ಲಿ. ಅವರ್ದಿಲ್ಲ.”

“ಟೀಚರಮ್ಮ, ನೀನಾದ್ರೂ ಇಳ್ಸು ಮತ್ತೆ.”

ಪವಿತ್ರಾ ಎದುರಿನ ಗುಂಡಿ ನೋಡಿದಳು. ರಾತ್ರಿಯ ಮಳೆಗೆ ಅದು ತುಂಬಿ ಅಂಗನವಾಡಿಯ ಹೊಸ್ತಿಲು ಮುಟ್ಟಿತ್ತು. ಅವಳು ಗೋಡೆಗೆ ಒರಗಿ ಕೂತಳು. ಹಾಜರಿ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿದಳು.

“ಪುಟ್ಟಿ.”

“ಇದೀನಿ ಮಿಸ್.”

“ಅನು.”

“ಇದೀನಿ ಮಿಸ್.”

ಪವಿತ್ರಾಳ ದನಿ ದೊಡ್ಡದಿರಲಿಲ್ಲ. ಆದರೆ ಹದಿನೇಳು ಹೆಸರೂ ಮುಗಿಯುವ ತನಕ ನಿಲ್ಲಲಿಲ್ಲ. ಆ ಶುಕ್ರವಾರ ಜಗಲಿಯಿಂದ ಇಳಿದು ಹೋದವಳು ಪುಟ್ಟಸಿದ್ದಮ್ಮ ಒಬ್ಬಳೇ.