ಕೈ ಕಟ್ಟಿಕೊಂಡ ಅಜ್ಜಿ

ಹೈಫೋಂಗ್ ಪಟ್ಟಣದ ಆ ಗಲ್ಲಿಯಲ್ಲಿ ಸಂಜೆ ಐದಾಯಿತೆಂದರೆ ಲುವಾ ಅಜ್ಜಿಯ ಮೆರವಣಿಗೆ ಹೊರಡಲೇಬೇಕು. ಮುಂದೆ ಎರಡೂವರೆ ವರ್ಷದ ಮೊಮ್ಮಗಳು ಮಿತ್, ಹಿಂದೆ ಗಂಜಿ ಬಟ್ಟಲು ಹಿಡಿದ ಅಜ್ಜಿ. ನಾಯಿ ತೋರಿಸಿ ಒಂದು ತುತ್ತು, ಸ್ಕೂಟರ್ ತೋರಿಸಿ ಇನ್ನೊಂದು. ಬಟ್ಟಲು ಬರಿದಾಗುವ ಹೊತ್ತಿಗೆ ಮನೆಯಲ್ಲಿ ಮಗ ಸೊಸೆಯ ಊಟ ಮುಗಿದಿರುತ್ತಿತ್ತು. ಉಳಿದದ್ದನ್ನು ಅಜ್ಜಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಮಗುವಿನ ಹೊಟ್ಟೆ ತುಂಬಿತಲ್ಲ, ಅಷ್ಟು ಸಾಕಿತ್ತು ಅವಳಿಗೆ.

ಈಚೆಗೆ ಮಿತ್ ಮಾಂಟೆಸ್ಸರಿ ಶಾಲೆಗೆ ಸೇರಿದಳು. ಟೀಚರ್ ಹೇಳಿ ಕಳಿಸಿದರು: ಇನ್ನು ಮಗು ಎಲ್ಲರ ಜೊತೆ ಕೂತು, ತನ್ನ ಕೈಯಿಂದಲೇ ಉಣ್ಣಲಿ. ಚೆಲ್ಲಿದರೂ ಯಾರೂ ಕೈ ಹಾಕಬೇಡಿ.

"ಮಗು ಉಪವಾಸ ಬೀಳ್ಲಿ ಅಂತನಾ?" ಅಜ್ಜಿ ಸೊಸೆ ಖುಯೆಯ ಮೇಲೆ ಹರಿಹಾಯ್ದಳು. "ನಿನ್ನ ಗಂಡನ್ನ ತುತ್ತಿಟ್ಟು ಬೆಳೆಸಿದ್ದು ಈ ಕೈನೇ ಕಣೇ!"

"ಅದಕ್ಕೇ ಅಮ್ಮಾ, ಅವ್ರಿಗೆ ಇವತ್ತಿಗೂ ಮೀನಿನ ಮುಳ್ಳು ನಾನೇ ಬಿಡಿಸ್ಕೊಡ್ಬೇಕು."

ನಿಜ ಹೇಳಬೇಕೆಂದರೆ ಅಜ್ಜಿಯ ಭಯ ಹಸಿವಿನದಲ್ಲ. ತುತ್ತೇ ಬೇಡವಾದ ಮೇಲೆ ಈ ಮಗುವಿಗೆ ತಾನು ಯಾತಕ್ಕೆ ಬೇಕು? ಆ ಯೋಚನೆಗೇ ಅವಳ ಕಣ್ಣು ತುಂಬಿತು.

"ಏನಕ್ಕಾ, ಇವತ್ತು ಮೆರವಣಿಗೆ ಇಲ್ವಾ?" ಸಂಜೆ ಗಲ್ಲಿಯ ಟೀ ಅಂಗಡಿಯ ತಿನ್ ಕೂಗಿದಳು.

"ನನ್ನನ್ನ ರಿಟೈರ್ ಮಾಡಿದಾರೆ ಕಣೇ," ಎಂದು ಅಜ್ಜಿ ಬಾಗಿಲು ಹಾಕಿಕೊಂಡಳು.

ಅಂದು ಊಟಕ್ಕೆ ಚಾಪೆಯ ಮೇಲೆ ನಾಲ್ವರೂ ಹರಿವಾಣದ ಸುತ್ತ ಕೂತರು. ಮಿತ್ ತನ್ನ ಬಟ್ಟಲಿಗೆ ತಾನೇ ಸಾರು ಹಾಕಿಕೊಳ್ಳಲು ಹೋಗಿ ಅರ್ಧ ಚಾಪೆಗೆ ಚೆಲ್ಲಿದಳು. ಅಜ್ಜಿಯ ಕೈ ತಟ್ಟನೆ ಮುಂದೆ ಬಂತು. ಖುಯೆ ಸುಮ್ಮನೆ ನೋಡಿದಳು. ಅಜ್ಜಿ ಎರಡೂ ಕೈಗಳನ್ನು ತೊಡೆಯ ಅಡಿಗೆ ಅದುಮಿಕೊಂಡಳು. ಮಿತ್ ಎದ್ದು ಹೋಗಿ ಬಟ್ಟೆ ತಂದು ಒರೆಸಿದಳು. ಒರೆಸಿದ್ದಕ್ಕಿಂತ ಬಳಿದದ್ದೇ ಹೆಚ್ಚು. ಆಮೇಲೆ ಚಮಚ ಹಿಡಿದು ನೆಟ್ಟಗೆ ಕೂತಳು. ಆದರೆ ಉಣ್ಣಲಿಲ್ಲ.

"ನೋಡ್ದ್ಯಾ, ತಿನ್ತಿಲ್ಲ!" ಅಜ್ಜಿ ಪಿಸುಗುಟ್ಟಿದಳು.

ಮಿತ್ ಅವಳತ್ತ ತಿರುಗಿ ಶಾಲೆಯಲ್ಲಿ ಕಲಿತದ್ದನ್ನು ಗಟ್ಟಿಯಾಗಿ ಹೇಳಿದಳು: "ಅಜ್ಜೀ, ಊಟ ಮಾಡಿ. ಅಪ್ಪಾ, ಊಟ ಮಾಡಿ. ಅಮ್ಮಾ, ಊಟ ಮಾಡಿ."

ಚಿಕ್ಕವರು ಹಿರಿಯರನ್ನು ಹೀಗೆ ಒಬ್ಬೊಬ್ಬರನ್ನಾಗಿ ಊಟಕ್ಕೆ ಕರೆಯದೆ ಅಲ್ಲಿನ ಯಾವ ಮನೆಯಲ್ಲೂ ಊಟ ಶುರುವಾಗುವುದಿಲ್ಲ. ಮಿತ್ ಮಾತ್ರ ಈವರೆಗೆ ಯಾರನ್ನೂ ಕರೆದಿರಲಿಲ್ಲ. ಹರಿವಾಣದ ಮುಂದೆ ಅವಳು ಕೂತಿದ್ದರೆ ತಾನೆ? ಅವಳ ಹಿಂದೆ ಗಲ್ಲಿ ಸುತ್ತುತ್ತಿದ್ದ ಅಜ್ಜಿಯೂ ಅಲ್ಲಿರಲಿಲ್ಲ.

ಈಗ ಅಜ್ಜಿ 'ಹೂಂ' ಅನ್ನಬೇಕಿತ್ತು. ಅವಳು ಮೊಮ್ಮಗಳನ್ನೇ ನೋಡುತ್ತ ಕೂತುಬಿಟ್ಟಳು.

ಮಿತ್ ಚಮಚ ಎತ್ತಲಿಲ್ಲ, ಕಾದಳು. "ಅಜ್ಜೀ, ಊಟ ಮಾಡಿ," ಎಂದಳು ಮತ್ತೆ.

ಲುವಾ ಅಜ್ಜಿ ತೊಡೆಯಡಿಯಿಂದ ಕೈ ತೆಗೆದು, ತನ್ನ ಬಟ್ಟಲು ಎತ್ತಿಕೊಂಡಳು. ಅವಳು ಮೊದಲ ತುತ್ತು ನುಂಗುವ ತನಕ ಮಗು ಅವಳ ಬಾಯನ್ನೇ ನೋಡುತ್ತಿತ್ತು.