ಒಪ್ಪದ ಮಾತು

"ಎಲ್ಲಾದಕ್ಕೂ ಹೂಂ ಅನಬ್ಯಾಡ. ನಾ ಹೇಳಿದ್ದು ತಪ್ಪು ಅಂತ ಜರ್ಮನ್‌ದಾಗ ಹೇಳು," ಎಂದರು ಮಥುರಾಬಾಯಿ.

ಅನ್ನಪೂರ್ಣಾ ತಲೆ ತಗ್ಗಿಸಿದಳು. ಬೈಲಹೊಂಗಲದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಅವಳಿಗೆ ಜರ್ಮನಿಯಲ್ಲಿ ಕೆಲಸ ಸಿಗಬೇಕಾದರೆ ಭಾಷಾ ಪರೀಕ್ಷೆ ಪಾಸಾಗಬೇಕಿತ್ತು. ಬರೆಯುವುದರಲ್ಲಿ ಒಳ್ಳೆಯ ಅಂಕ. ಮಾತಾಡುವುದರಲ್ಲಿ ಎರಡು ಸಲ ನಪಾಸು. ಎದುರು ಕೂತವರೊಡನೆ ವಾದ ಮಾಡಬೇಕಾದಲ್ಲಿ ಅವಳು ಅವರು ಹೇಳಿದ್ದಕ್ಕೆಲ್ಲ ಒಪ್ಪಿಬಿಟ್ಟಿದ್ದಳು. ಅವಳು ಬೆಳೆದ ದೊಡವಾಡದ ಮನೆಯಲ್ಲಿ ಹಿರಿಯರಿಗೆ ಎದುರಾಡಿದ ರೂಢಿಯೇ ಇರಲಿಲ್ಲ. ಪುಣೆಯಲ್ಲಿ ಮೂವತ್ತು ವರ್ಷ ಜರ್ಮನ್ ಕಲಿಸಿ ತಮ್ಮೂರು ಬೈಲಹೊಂಗಲಕ್ಕೆ ಮರಳಿದ್ದ ಮಥುರಾಬಾಯಿ ಸಿಕ್ಕಿದ್ದು ತನ್ನ ಪುಣ್ಯವೆಂದೇ ಅವಳು ನಂಬಿದ್ದಳು. ಎರಡು ವರ್ಷದಿಂದ ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬರುತ್ತಿದ್ದಳು.

ಮಥುರಾಬಾಯಿ ಚಹಾ ಸುರಿದರು. ಅರ್ಧ ಕಪ್ಪಿಗೆ, ಅರ್ಧ ಬಸಿಗೆ ಬಿತ್ತು.

"ಬಾಯಾರ, ಕಣ್ಣಾಗ ಪೊರಿ ಬಂದೈತ್ರಿ. ಆಪರೇಷನ್ ಮಾಡಿಸ್ಕೊಳ್ರಿ."

"ಎಪ್ಪತ್ತೆಂಟಾದ್ವು. ಇನ್ನೇನು ನೋಡೂದದ? ಬಿಡು."

ಹೂಂರಿ ಎನ್ನಲು ಬಾಯಿ ತೆರೆದವಳು, "ನೈನ್," ಎಂದು ಜರ್ಮನ್ನಿನಲ್ಲಿ ಅಲ್ಲಗಳೆದಳು. ಆಮೇಲೆ ಮಾತು ನಿಲ್ಲಲಿಲ್ಲ. ಆಪರೇಷನ್ ಆದ ನೂರಾರು ಕಣ್ಣಿಗೆ ತಾನೇ ಹನಿ ಹಾಕಿದ್ದೇನೆ ಎಂದಳು. ನಿಮಗಾಗಿರುವುದು ವಯಸ್ಸಲ್ಲ, ಭಯ. ಅದನ್ನು ಒಪ್ಪಿಕೊಳ್ಳಲು ನಾಚಿಕೆ ಎಂದೂ ಹೇಳಿಬಿಟ್ಟಳು. ಎಲ್ಲ ಜರ್ಮನ್ನಿನಲ್ಲಿ. ಕನ್ನಡದಲ್ಲಾಗಿದ್ದರೆ ನಾಲಿಗೆ ಏಳುತ್ತಿರಲಿಲ್ಲ.

"ಕಡೀ ವಾಕ್ಯದಾಗ ಕ್ರಿಯಾಪದ ಕೊನಿಗೆ ಬರಬೇಕು, ನಮ್ಮ ಕನ್ನಡಧಂಗ," ಎಂದರು ಮಥುರಾಬಾಯಿ. ಚೆಲ್ಲಿದ ಬಸಿಯನ್ನು ಬದಿಗೆ ಸರಿಸಿ, "ಅಂಜಿಕಿ ಖರೇನ ಅದ. ನಮ್ಮವ್ವಗ ಹಿಂಗ ಮಾಡ್ಸಿ ಕಣ್ಣ ಹೋದ್ವು," ಎಂದರು.

"ಆಗಿನ ಮಾತ ಬ್ಯಾರೇರಿ. ನಾ ಸಂಗಾಟ ಇರತೇನಿ."

ಇದ್ದಳು ಕೂಡ. ರಜೆ ಹಾಕಿ ಆಪರೇಷನ್ ಕೋಣೆಯ ಬಾಗಿಲವರೆಗೆ ಕೈಹಿಡಿದು ನಡೆಸಿದಳು. ಹದಿನೈದು ದಿನ ತಾನೇ ಕಣ್ಣಿಗೆ ಹನಿ ಹಾಕಿದಳು. ಆ ದಿನಗಳಲ್ಲಿ ಇಬ್ಬರೂ ಬೇಳೆಗೆ ಉಪ್ಪು ಎಷ್ಟು ಎಂಬುದರಿಂದ ಹಿಡಿದು ದೇವರಿದ್ದಾನೋ ಇಲ್ಲವೋ ಎಂಬವರೆಗೆ ಜರ್ಮನ್ನಿನಲ್ಲೇ ಜಗಳಾಡಿದರು.

ಮೂರನೆಯ ಸಲ ಅನ್ನಪೂರ್ಣಾ ಪಾಸಾದಳು. ಫಲಿತಾಂಶ ಬಂದ ಮಧ್ಯಾಹ್ನ ಓಡಿಬಂದು ಕಾಲಿಗೆರಗಿದಳು.

ಮಥುರಾಬಾಯಿ ಆ ಬೆಳಿಗ್ಗೆಯಷ್ಟೇ ಬಂದಿದ್ದ ಹೊಸ ಕನ್ನಡಕ ಏರಿಸಿಕೊಂಡು, ಅವಳ ಗದ್ದ ಹಿಡಿದೆತ್ತಿ ಕಿಟಕಿಯ ಬೆಳಕಿಗೆ ತಿರುಗಿಸಿದರು.

"ಗಲ್ಲದ ಮ್ಯಾಲೆ ಮಚ್ಚಿ ಅದ ಏನ ನಿನಗ?"

"ಹುಟ್ಟಿದಾಗಿಂದ ಐತ್ರಿ."

ಅವರು ಗದ್ದ ಬಿಡಲಿಲ್ಲ, ನೋಡುತ್ತಲೇ ಇದ್ದರು.