ಎಡಗಿವಿಯ ಪಾಲು

ನನ್ನ ಗಂಡನಿಗೆ ಎಡಗಿವಿ ಕೇಳದಾಗಿ ಹನ್ನೆರಡು ವರ್ಷ. ಮಸ್ಕಿಯ ನಮ್ಮ ಮನೆಯಲ್ಲಿ ಅವರು ಉಣ್ಣಲು ಕೂತರೆ ನಾನು ಎಡಕ್ಕೆ ಬಾಗಿಯೇ ರೊಟ್ಟಿ ಹಾಕುತ್ತಿದ್ದೆ. ದಿನದ ಸಿಟ್ಟೆಲ್ಲ ಪಿಸುಮಾತಿನ ಬೈಗುಳವಾಗಿ ಆ ಸತ್ತ ಕಿವಿಗೆ ಹೋಗುತ್ತಿತ್ತು.

ಆರು ತಿಂಗಳ ಹಿಂದೆ ಆಪರೇಷನ್ ಮಾಡಿ ಆ ಕಿವಿಯೊಳಗೆ ಇಂಪ್ಲಾಂಟ್, ಹೊರಗೆ ಕಿವಿಯ ಹಿಂದೆ ಮಷೀನ್ ಕೂರಿಸಿದರು. ಈಗೀಗ ಅದರಲ್ಲಿ ಮಾತು ತಿಳಿಯುತ್ತಿದೆ. ಹಳೇ ಚಾಳಿಗೆ ಬಾಯಿ ಜಾರಬಾರದೆಂದು ನಾನು ಬಲಕ್ಕೇ ನಿಂತು ಬಡಿಸುತ್ತಿದ್ದೆ. ಇವತ್ತು ಮರೆತು ಎಡಕ್ಕೆ ಬಾಗಿ, "ತಿನ್ನಾಕಷ್ಟ ಹುಟ್ಯಾನ ಈ ಮನಷ್ಯಾ" ಅಂದುಬಿಟ್ಟೆ.

ಅವರ ತುತ್ತು ಕೈಯಲ್ಲೇ ನಿಂತಿತು. ನಾನು ರೊಟ್ಟಿ ಹಿಡಿದುಕೊಂಡೇ ನಿಂತೆ, ತಲೆ ಎತ್ತಲಾಗಲಿಲ್ಲ.

"ಮೊದಲೂ ಗೊತ್ತಾಗತಿತ್ತು ಬಿಡು," ಅಂದರು ಮೆಲ್ಲಗೆ. "ಮಾತು ಕೇಳತಿದ್ದಿಲ್ಲ. ಉಸುರು ಬಿಸಿ ತಾಕತಿತ್ತು."

ಆಮೇಲೆ ಎಡಗೈಯಿಂದ ಮಷೀನ್ ತೆಗೆದು ತಾಟಿನ ಪಕ್ಕ ಇಟ್ಟರು.

"ಉಳದದ್ದೂ ಹೇಳಿಬಿಡು."